ಎಮರ್ಜೆನ್ಸಿಯಲ್ಲಿ ನಿಮಿಷಗಳು ಎಲ್ಲಿ ಕಳೆದುಹೋಗ್ತವೆ?

(ತುರ್ತು ಚಿಕಿತ್ಸಾ ವಿಭಾಗದ ವೈದ್ಯರೊಬ್ಬರು ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹ ರೂಪ)



ಇವತ್ತಿನ ಮಾತನ್ನ ಒಂದು ತಪ್ಪಿನಿಂದ ಶುರು ಮಾಡ್ತೀನಿ. ತಪ್ಪು ನನ್ನದೇ.

ಆಗ ನಾನು ಹೊಸದಾಗಿ ಡ್ಯೂಟಿ ಡಾಕ್ಟರ್ ಆಗಿ ಸೇರಿದ್ದೆ. ಯಾವ ಆಸ್ಪತ್ರೆ ಅನ್ನೋದು ಬೇಡ. ಅಂಥ ಆಸ್ಪತ್ರೆಗಳು ಬಹಳ ಊರುಗಳಲ್ಲಿವೆ. ರಾತ್ರಿ ಎರಡೂವರೆ ಹೊತ್ತಿಗೆ ಐವತ್ತು ದಾಟಿದ ಒಬ್ಬರನ್ನ ಕರ್ಕೊಂಡು ಬಂದರು. ಅಡಿಕೆ ತೋಟ ನೋಡ್ಕೊಂಡಿದ್ದವರು. ಮೈಯೆಲ್ಲ ಬೆವರು. ಎದೆ ಮೇಲೆ ಕಲ್ಲು ಇಟ್ಟ ಹಾಗಿದೆ ಅಂತಿದ್ದರು. ಜೊತೆಗಿದ್ದ ಅವರ ಹೆಂಡತಿ, "ಡಾಕ್ಟ್ರೇ, ಊಟ ಆದ್ಮೇಲೆ ಗ್ಯಾಸ್ ಆಗಿದೆ ಅನ್ಸುತ್ತೆ. ಸೋಡಾ ಕುಡಿಸಿದ್ವಿ, ಕಡಿಮೆ ಆಗ್ಲಿಲ್ಲ" ಅಂದರು.

ಸಿಸ್ಟರ್ ಐದೇ ನಿಮಿಷದಲ್ಲಿ ಇಸಿಜಿ ತೆಗೆದು ನನ್ನ ಕೈಗೆ ಕೊಟ್ಟರು. ಕೊಡೋವಾಗಲೇ, "ಡಾಕ್ಟ್ರೇ, ಇದು ಹಾರ್ಟ್ ಅಟ್ಯಾಕ್ ಥರ ಕಾಣ್ತಿದೆ" ಅಂದರು. ನನಗೂ ಹಾಗೇ ಕಾಣಿಸ್ತು. ಆಗ ಮಾಡಬೇಕಿದ್ದ ಮೊದಲ ಕೆಲಸ, ಮನೆಯಲ್ಲಿ ಮಲಗಿದ್ದ ಹೃದ್ರೋಗ ತಜ್ಞರಿಗೆ ಫೋನ್ ಮಾಡೋದು.

ನಾನು ಮಾಡಲಿಲ್ಲ.

ಕಾರಣ ಹೇಳೋಕೆ ಈಗಲೂ ನಾಚಿಕೆ ಆಗುತ್ತೆ. ಹಿಂದಿನ ವಾರ ಇನ್ನೊಬ್ಬ ಡ್ಯೂಟಿ ಡಾಕ್ಟರ್ ಹೀಗೇ ರಾತ್ರಿ ಫೋನ್ ಮಾಡಿದ್ದರು. ಅದು ಹಾರ್ಟ್ ಅಟ್ಯಾಕ್ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಬೆಳಿಗ್ಗೆ ರೌಂಡ್ಸ್‌ನಲ್ಲಿ ಎಲ್ಲರ ಮುಂದೆ ಅವರು ಬೈಸಿಕೊಂಡಿದ್ದನ್ನ ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಅದು ತಲೆಯಲ್ಲಿ ಕೂತಿತ್ತು. 'ಖಾತ್ರಿ ಮಾಡಿಕೊಂಡೇ ಎಬ್ಬಿಸೋಣ' ಅಂದ್ಕೊಂಡೆ. ಇನ್ನೊಂದು ಇಸಿಜಿ ತೆಗೆಸಿದೆ. ರಕ್ತ ಪರೀಕ್ಷೆಗೆ ಕಳಿಸಿ ರಿಪೋರ್ಟ್‌ಗೆ ಕಾದೆ. ಕೊನೆಗೆ ಫೋನ್ ಮಾಡೋ ಹೊತ್ತಿಗೆ ನಲವತ್ತು ನಿಮಿಷ ಹೋಗಿತ್ತು.

ಅವರು ಬದುಕಿದರು. ಆದರೆ ಹೃದಯದ ಶಕ್ತಿ ಕುಗ್ಗಿತ್ತು. ತೋಟದ ಏರಿ ಹತ್ತೋಕೆ ಆಗದೆ ಕೆಲಸ ಬಿಟ್ಟರು ಅಂತ ಆಮೇಲೆ ತಿಳೀತು. ನನ್ನ ನಲವತ್ತು ನಿಮಿಷದಿಂದಲೇ ಹೀಗಾಯ್ತು ಅಂತ ಹೇಳೋಕೆ ಬರಲ್ಲ. ಅದರಿಂದ ಅಲ್ಲ ಅಂತಲೂ ಹೇಳೋಕೆ ಬರಲ್ಲ.

ಆ ರಾತ್ರಿ ಇಸಿಜಿ ಯಂತ್ರ ಇತ್ತು, ಔಷಧಿ ಇತ್ತು, ತಜ್ಞರು ಹದಿನೈದು ನಿಮಿಷದ ದಾರಿಯಲ್ಲಿದ್ದರು. ಇಲ್ಲದೇ ಇದ್ದದ್ದು ಒಂದೇ: 'ಶುರು ಮಾಡಿ' ಅಂತ ಹೇಳೋ ಅಧಿಕಾರ, ಮತ್ತು ತಪ್ಪಾದರೂ ಬೈಸಿಕೊಳ್ಳಲ್ಲ ಅನ್ನೋ ಧೈರ್ಯ. ಎಮರ್ಜೆನ್ಸಿ ವಿಭಾಗ ಸುಧಾರಿಸಬೇಕು ಅಂದ ಕೂಡಲೇ ನಮಗೆ ಹೊಸ ಕಟ್ಟಡ, ಹೊಸ ಯಂತ್ರ, ಈಗೀಗ ಎಐ ನೆನಪಾಗುತ್ತೆ. ಅವೆಲ್ಲ ಬೇಕು, ಸರಿ. ಆದರೆ ರೋಗಿಯ ಹತ್ತಿರ ಇರೋ ವ್ಯಕ್ತಿಗೆ ನಿರ್ಧಾರ ಮಾಡೋ ಹಕ್ಕು ಕೊಡೋದೇ ದೊಡ್ಡ ಸುಧಾರಣೆ ಅಂತ ನಾನು ಯಾಕೆ ನಂಬ್ತೀನಿ ಅನ್ನೋದನ್ನ ಇವತ್ತು ಹೇಳ್ತೀನಿ.

ಮೊದಲು, ನಿಮಿಷಕ್ಕೆ ಯಾಕೆ ಇಷ್ಟು ಬೆಲೆ? ಹೃದಯವೂ ಒಂದು ಸ್ನಾಯು. ಅದಕ್ಕೆ ರಕ್ತ ಕೊಡೋ ನಾಳದಲ್ಲಿ ಹೆಪ್ಪು ಕಟ್ಟಿ ದಾರಿ ಪೂರ್ತಿ ಮುಚ್ಚಿಹೋದರೆ, ಆ ಭಾಗದ ಸ್ನಾಯು ಸಾಯೋಕೆ ಶುರುವಾಗುತ್ತೆ. ಸತ್ತ ಸ್ನಾಯು ಮತ್ತೆ ಬೆಳೆಯಲ್ಲ. ದಾರಿ ತೆರೆಯೋಕೆ ಎರಡು ವಿಧಾನ ಇವೆ. ಒಂದು, ಕ್ಯಾಥ್ ಲ್ಯಾಬ್‌ಗೆ ಕರ್ಕೊಂಡು ಹೋಗಿ, ಕೈ ಅಥವಾ ತೊಡೆಯ ನಾಳದಿಂದ ಸಣ್ಣ ಕೊಳವೆ ಹಾಯಿಸಿ, ಬಲೂನ್ ಉಬ್ಬಿಸಿ, ಸ್ಟೆಂಟ್ ಇಡೋದು. ಇನ್ನೊಂದು, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋದು. ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಇಂಜೆಕ್ಷನ್ ಆದರೆ 30 ನಿಮಿಷದೊಳಗೆ, ಬಲೂನ್ ಆದರೆ 90 ನಿಮಿಷದೊಳಗೆ ಅನ್ನೋದು ಬಹಳ ಕಾಲದಿಂದ ಚಾಲ್ತಿಯಲ್ಲಿರೋ ಗುರಿ.

ಗುರಿ ಗೋಡೆ ಮೇಲೆ ಬರೆದಿಡೋದು ಸುಲಭ, ಮುಟ್ಟೋದು ಕಷ್ಟ. ಇದನ್ನ ಗಡಿಯಾರ ಹಿಡಿದು ಅಳೆದು ನೋಡಿದ್ದು ಅಮೆರಿಕದಲ್ಲಿ. ಅಲ್ಲಿ ದುಡ್ಡಿಗೆ, ಯಂತ್ರಕ್ಕೆ ಕೊರತೆ ಇರಲಿಲ್ಲ. ಆದರೂ 2005ರಲ್ಲಿ 90 ನಿಮಿಷದೊಳಗೆ ಬಲೂನ್ ಚಿಕಿತ್ಸೆ ಸಿಗ್ತಿದ್ದದ್ದು ನೂರಕ್ಕೆ ಸುಮಾರು 44 ಜನರಿಗೆ ಮಾತ್ರ. ಯೇಲ್ ವಿಶ್ವವಿದ್ಯಾಲಯದ ಎಲಿಜಬೆತ್ ಬ್ರಾಡ್ಲಿ, ಹಾರ್ಲನ್ ಕ್ರಮ್‌ಹೋಲ್ಜ್ ಮತ್ತವರ ತಂಡ ಒಂದು ಸರಳ ಪ್ರಶ್ನೆ ಕೇಳಿತು: ಕೆಲವು ಆಸ್ಪತ್ರೆಗಳು ಮಾತ್ರ ಬೇಗ ಮಾಡ್ತಿವೆಯಲ್ಲ, ಅಲ್ಲಿ ಏನು ಬೇರೆ ಇದೆ?

ಅವರು 365 ಆಸ್ಪತ್ರೆಗಳ ಮಾಹಿತಿ ತರಿಸಿ ಹೋಲಿಸಿ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಗ ಕೆಲಸ ಮುಗಿಸೋ ಆಸ್ಪತ್ರೆಗಳಲ್ಲಿ ಆರು ಅಭ್ಯಾಸಗಳು ಎದ್ದು ಕಂಡವು. ಕೆಲವನ್ನ ಹೇಳ್ತೀನಿ, ಕೇಳಿ.

ಹಳೇ ಪದ್ಧತಿಯಲ್ಲಿ ಎಮರ್ಜೆನ್ಸಿ ವೈದ್ಯರು ಹೃದ್ರೋಗ ತಜ್ಞರಿಗೆ ಹೇಳಬೇಕು, ಅವರು ನೋಡಿ ಒಪ್ಪಬೇಕು, ಆಮೇಲೆ ಕ್ಯಾಥ್ ಲ್ಯಾಬ್ ತಂಡವನ್ನ ಕರೆಸಬೇಕು. ಬೇಗ ಮಾಡ್ತಿದ್ದ ಕಡೆ ಎಮರ್ಜೆನ್ಸಿ ವೈದ್ಯರೇ ನೇರವಾಗಿ ತಂಡವನ್ನ ಕರೆಸ್ತಿದ್ದರು. ಸರಾಸರಿ 8 ನಿಮಿಷ ಉಳಿತಾಯ. ಹತ್ತು ಜನಕ್ಕೆ ಹತ್ತು ಫೋನ್ ಮಾಡೋ ಬದಲು ಆಪರೇಟರ್‌ಗೆ ಒಂದೇ ಫೋನ್, ಅಲ್ಲಿಂದ ಎಲ್ಲರಿಗೂ ಕರೆ. ಸುಮಾರು 14 ನಿಮಿಷ. ರೋಗಿ ಇನ್ನೂ ಆಂಬುಲೆನ್ಸ್‌ನಲ್ಲಿ ಇರೋವಾಗಲೇ ಲ್ಯಾಬ್ ಸಿದ್ಧ ಮಾಡೋದು. ಸುಮಾರು 15 ನಿಮಿಷ. ಕರೆ ಬಂದ ಮೇಲೆ ಅರ್ಧ ಗಂಟೆ ದಾಟೋ ಬದಲು 20 ನಿಮಿಷದೊಳಗೆ ಸಿಬ್ಬಂದಿ ಬರಲೇಬೇಕು ಅನ್ನೋ ನಿಯಮ. ಸುಮಾರು 19 ನಿಮಿಷ. ಮತ್ತೆ, 'ನಿನ್ನೆ ಬಂದ ರೋಗಿಗೆ ಎಷ್ಟು ನಿಮಿಷ ಆಯ್ತು' ಅನ್ನೋ ಲೆಕ್ಕ ಎಮರ್ಜೆನ್ಸಿಯವರಿಗೂ ಲ್ಯಾಬ್‌ನವರಿಗೂ ಆಗಿಂದಾಗ್ಗೆ ಸಿಗೋದು. ಅದರಿಂದ ಸುಮಾರು 9 ನಿಮಿಷ.

ಗಮನಿಸಿದ್ರಾ? ಈ ಪಟ್ಟಿಯಲ್ಲಿ ಒಂದೇ ಒಂದು ಹೊಸ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ. ಇರೋದೆಲ್ಲ ಯಾರು ಯಾರಿಗೆ ಕರೆ ಮಾಡಬಹುದು, ಯಾರ ಒಪ್ಪಿಗೆಗೆ ಕಾಯಬೇಕಿಲ್ಲ ಅನ್ನೋ ವಿಷಯ. ಇಷ್ಟು ಸರಳ ಕ್ರಮಗಳನ್ನೂ ಆಗ ಪಾಲಿಸ್ತಿದ್ದದ್ದು ಕೆಲವೇ ಆಸ್ಪತ್ರೆಗಳು.

ಯಾಕೆ? ಯಾಕಂದ್ರೆ ಅಧಿಕಾರ ಬಿಟ್ಟುಕೊಡೋದು ಯಾರಿಗೂ ಇಷ್ಟ ಇಲ್ಲ. 'ನನ್ನನ್ನ ಕೇಳದೆ ನನ್ನ ಲ್ಯಾಬ್ ತೆರೆಸೋಕೆ ಇವರು ಯಾರು' ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಅದರ ಹಿಂದೆ ಒಂದು ನ್ಯಾಯವಾದ ಆತಂಕವೂ ಇದೆ. ಕೆಳಗಿನವರು ತಪ್ಪು ಮಾಡಿದರೆ? ನಡುರಾತ್ರಿ ಇಡೀ ತಂಡ ಎದ್ದು ಬಂದು ನೋಡಿದರೆ ನಾಳ ಮುಚ್ಚೇ ಇಲ್ಲ ಅಂತಾದರೆ?

ಅದೂ ಆಗುತ್ತೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹೀಗೆ ತುರ್ತು ಕರೆಯ ಮೇಲೆ ಆಂಜಿಯೋಗ್ರಾಂ ಆದ 1,335 ರೋಗಿಗಳ ಲೆಕ್ಕ 2007ರಲ್ಲಿ ಪ್ರಕಟವಾಯ್ತು. ಅವರಲ್ಲಿ 187 ಮಂದಿಗೆ, ಅಂದ್ರೆ ನೂರಕ್ಕೆ 14 ಜನರಿಗೆ, ಹಾರ್ಟ್ ಅಟ್ಯಾಕ್‌ಗೆ ಕಾರಣ ಇದೇ ಅಂತ ತೋರಿಸೋ ನಾಳ ಸಿಗಲಿಲ್ಲ. ಏಳು ಕರೆಯಲ್ಲಿ ಒಂದು ಸುಳ್ಳು ಕರೆ ಅಂತಲೇ ಇಟ್ಕೊಳ್ಳಿ.

ಈಗ ನೀವು ಆಸ್ಪತ್ರೆಯ ಮುಖ್ಯಸ್ಥರು ಅಂದ್ಕೊಳ್ಳಿ. ಆ ಏಳನೇ ಕರೆ ಮಾಡಿದ ಹುಡುಗ ಡಾಕ್ಟರ್ ಬೆಳಿಗ್ಗೆ ನಿಮ್ಮ ಮುಂದೆ ನಿಂತಿದ್ದಾರೆ. ನೀವು ಏನು ಹೇಳ್ತೀರಿ? ಬೈದರೆ, ಅವರೊಬ್ಬರೇ ಅಲ್ಲ, ಅದನ್ನ ನೋಡಿದ ಎಲ್ಲರೂ ಮುಂದಿನ ಸಲ ಕಾಯ್ತಾರೆ. ನನ್ನ ಹಾಗೆ. ಸುಳ್ಳು ಕರೆಗೆ ಆದ ಖರ್ಚು ಕಣ್ಣಿಗೆ ಕಾಣುತ್ತೆ: ತಂಡದ ನಿದ್ದೆ, ಆಂಬುಲೆನ್ಸ್‌ನ ಡೀಸೆಲ್. ಮಾಡದೇ ಹೋದ ಕರೆಯ ಖರ್ಚು ಯಾವ ರಿಜಿಸ್ಟರ್‌ನಲ್ಲೂ ಬರೆದಿರಲ್ಲ. ಅದು ಯಾರದೋ ತೋಟದಲ್ಲಿ, ಯಾರದೋ ಮನೆಯಲ್ಲಿ ಗೊತ್ತಾಗುತ್ತೆ. ಲೀಡರ್‌ಶಿಪ್ ಅನ್ನೋ ಪದ ಈಗ ತುಂಬ ಸವೆದುಹೋಗಿದೆ. ನನ್ನ ಕೆಲಸದ ಜಾಗದಲ್ಲಿ ಅದರ ಅರ್ಥ ಇಷ್ಟೇ. ಸುಳ್ಳು ಕರೆ ಮಾಡಿದವರಿಗೆ ಬೆಳಿಗ್ಗೆ, 'ಕರೆದದ್ದು ಸರಿ. ಬನ್ನಿ, ಇಸಿಜಿ ಇನ್ನೊಮ್ಮೆ ನೋಡೋಣ' ಅಂತ ಹೇಳೋದು.

ಅಮೆರಿಕದ ಕಥೆ ಮುಂದೆ ಏನಾಯ್ತು? 2006ರ ಕೊನೆಗೆ ಅಲ್ಲಿನ ಹೃದ್ರೋಗ ತಜ್ಞರ ಸಂಘಟನೆ ಈ ಅಭ್ಯಾಸಗಳನ್ನ ಎಲ್ಲ ಕಡೆ ಹರಡೋಕೆ ರಾಷ್ಟ್ರಮಟ್ಟದ ಅಭಿಯಾನ ಶುರು ಮಾಡಿತು. 2010ರ ಹೊತ್ತಿಗೆ ನೂರಕ್ಕೆ 91 ಜನರಿಗೆ 90 ನಿಮಿಷದೊಳಗೆ ಚಿಕಿತ್ಸೆ ಸಿಗೋ ಹಾಗಾಯ್ತು. ಮೊದಲು ರೋಗಿಗಳಿಗೆ ಸಾಮಾನ್ಯವಾಗಿ 96 ನಿಮಿಷ ಹಿಡೀತಿತ್ತು, ಅದು 64ಕ್ಕೆ ಇಳೀತು. ಐದು ವರ್ಷದಲ್ಲಿ ಒಂದು ಇಡೀ ದೇಶ ಹೀಗೆ ಬದಲಾಗೋದು ವೈದ್ಯಕೀಯದಲ್ಲಿ ತೀರಾ ಅಪರೂಪ.

ಇಲ್ಲಿಗೆ ಚಪ್ಪಾಳೆ ಹೊಡೆದು ಮುಗಿಸಬಹುದಿತ್ತು. ಆದರೆ 2013ರಲ್ಲಿ ಇನ್ನೊಂದು ಅಧ್ಯಯನ ಬಂತು. 515 ಆಸ್ಪತ್ರೆಗಳ ಸುಮಾರು 97 ಸಾವಿರ ರೋಗಿಗಳ ಲೆಕ್ಕ. ಬಾಗಿಲಿಂದ ಬಲೂನ್‌ವರೆಗಿನ ಸಮಯ ನಾಲ್ಕು ವರ್ಷದಲ್ಲಿ 83 ನಿಮಿಷದಿಂದ 67ಕ್ಕೆ ಇಳಿದಿತ್ತು. ಆದರೆ ಆಸ್ಪತ್ರೆಯಲ್ಲಿ ಸಾಯುವವರ ಪ್ರಮಾಣ? ಮೊದಲು ನೂರಕ್ಕೆ 4.8, ಆಮೇಲೆ 4.7. ಹೆಚ್ಚುಕಮ್ಮಿ ಅಷ್ಟೇ!

ಇಷ್ಟೆಲ್ಲ ಓಡಿದ್ದು ವ್ಯರ್ಥವಾ? ಅಲ್ಲ. ತಜ್ಞರು ಇದಕ್ಕೆ ಬೇರೆ ಬೇರೆ ಕಾರಣ ಕೊಟ್ಟರು. ಮೊದಲು ಈ ಚಿಕಿತ್ಸೆಯೇ ಸಿಗದಿದ್ದ, ಹೆಚ್ಚು ಕಾಯಿಲೆ ಇರೋ ರೋಗಿಗಳಿಗೂ ಈಗ ಅದು ಸಿಗ್ತಿದೆ ಅನ್ನೋದು ಒಂದು. ನಮಗೆ ಮುಖ್ಯವಾದದ್ದು ಇನ್ನೊಂದು. ಆಸ್ಪತ್ರೆಯ ಗಡಿಯಾರ ಶುರುವಾಗೋದು ರೋಗಿ ಬಾಗಿಲಿಗೆ ಬಂದಾಗ. ಹೃದಯದ ಗಡಿಯಾರ ಶುರುವಾಗೋದು ಎದೆ ನೋವು ಬಂದಾಗ. ನಡುವೆ ಹೋದ ಸಮಯವನ್ನ ನಾವು ಅಳೀತಾನೇ ಇರಲಿಲ್ಲ.

ಆ ಸಮಯ ನಮ್ಮ ದೇಶದಲ್ಲಿ ಎಷ್ಟು ಗೊತ್ತಾ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಜೇವಿಯರ್ ಮತ್ತವರ ತಂಡ ಭಾರತದ 50 ನಗರಗಳ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮಾಹಿತಿ ಸೇರಿಸಿ 2008ರಲ್ಲಿ ಪ್ರಕಟಿಸಿತು. ನೋವು ಶುರುವಾಗಿ ಆಸ್ಪತ್ರೆಗೆ ಬರೋಕೆ ಹಿಡಿದ ಮಧ್ಯಮ ಸಮಯ 360 ನಿಮಿಷ. ಆರು ಗಂಟೆ! ಅಂದ್ರೆ ಅರ್ಧ ಜನ ಅದಕ್ಕಿಂತಲೂ ತಡವಾಗಿ ಬಂದರು. ಆಸ್ಪತ್ರೆಗೆ ಬಂದ ಮೇಲೆ ಹೆಪ್ಪು ಕರಗಿಸೋ ಇಂಜೆಕ್ಷನ್ ಸಿಗೋಕೆ ಹಿಡಿದದ್ದು 50 ನಿಮಿಷ. ಆಸ್ಪತ್ರೆಯ ತಡ ಇದೆ, ನಿಜ. ಮನೆ ಮತ್ತು ದಾರಿಯ ತಡ ಅದರ ಏಳು ಪಟ್ಟು.

ದಾರಿಯ ತಡಕ್ಕೆ ಕರ್ನಾಟಕ ಹುಡುಕಿಕೊಂಡ ಒಂದು ಉತ್ತರ ಇದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 'ಹೃದಯ ಜ್ಯೋತಿ' ಅನ್ನೋ ಯೋಜನೆಯನ್ನ 2023ರ ಬಜೆಟ್‌ನಲ್ಲಿ ಘೋಷಿಸಿ ಜಾರಿಗೆ ತಂತು. ಕೆಲಸ ಮಾಡೋ ರೀತಿ ಹೀಗೆ. ತಾಲ್ಲೂಕು ಆಸ್ಪತ್ರೆಗೆ ಎದೆ ನೋವು ಅಂತ ಯಾರಾದರೂ ಬಂದರೆ ಅಲ್ಲೇ ಇಸಿಜಿ ತೆಗೀತಾರೆ. ಅದು ಆನ್‌ಲೈನ್‌ನಲ್ಲಿ ಜಯದೇವದಂಥ ದೊಡ್ಡ ಕೇಂದ್ರಕ್ಕೆ ಹೋಗುತ್ತೆ. ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತೆ. ದೊಡ್ಡ ಹಾರ್ಟ್ ಅಟ್ಯಾಕ್ ಅಂತಾದರೆ, ಟೆನೆಕ್ಟೆಪ್ಲೇಸ್ ಅನ್ನೋ ಹೆಪ್ಪು ಕರಗಿಸೋ ಇಂಜೆಕ್ಷನ್ ಅನ್ನ ಅಲ್ಲಿಯ ವೈದ್ಯರೇ ಕೊಡ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಆಗೋ ಔಷಧಿ, ಇಲ್ಲಿ ಉಚಿತ. ಆಮೇಲೆ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸ್ತಾರೆ.

ಇಂಜೆಕ್ಷನ್ ಕೊಡೋಕೆ ಕೆಲವೇ ಸೆಕೆಂಡ್ ಸಾಕು. ಆದರೆ ಅದು ಹುಡುಗಾಟದ ಔಷಧಿ ಅಲ್ಲ. ಹೆಪ್ಪು ಕರಗಿಸೋದು ಅಂದ್ರೆ ಮೈಯಲ್ಲಿ ಎಲ್ಲಿ ಬೇಕಾದರೂ ರಕ್ತಸ್ರಾವ ಆಗೋ ಅಪಾಯ ಇದ್ದೇ ಇದೆ. ಅಪರೂಪಕ್ಕೆ ಮೆದುಳಲ್ಲೂ ಆಗಬಹುದು. ಇತ್ತೀಚೆಗೆ ಪಾರ್ಶ್ವವಾಯು ಆದವರಿಗೆ, ಒಳಗೆ ಎಲ್ಲಾದರೂ ರಕ್ತಸ್ರಾವ ಇರೋರಿಗೆ ಕೊಡೋ ಹಾಗಿಲ್ಲ. ಹಾಗಾಗಿ ತಾಲ್ಲೂಕು ಆಸ್ಪತ್ರೆಯ ವೈದ್ಯರು ಒಬ್ಬರೇ ಇರೋವಾಗ ಕೈ ನಡುಗೋದು ಸಹಜ. 'ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿಬಿಡಿ' ಅಂತ ಚೀಟಿ ಬರೆಯೋದೇ ಸುಲಭ ಅನ್ಸುತ್ತೆ. ಆ ಚೀಟಿ ಹಿಡಿದು ಹೊರಟವರ ಒಂದೆರಡು ಗಂಟೆ ರಸ್ತೆಯಲ್ಲೇ ಹೋಗುತ್ತೆ. ಈ ವ್ಯವಸ್ಥೆ ಆ ವೈದ್ಯರಿಗೆ ಕೊಟ್ಟದ್ದು ಬರೀ ಔಷಧಿ ಅಲ್ಲ. 'ನೀವು ಒಬ್ಬರೇ ಅಲ್ಲ, ಆ ಕಡೆಯಿಂದ ನಾವು ನೋಡಿದ್ದೀವಿ, ಕೊಡಿ' ಅನ್ನೋ ಒಂದು ಮಾತು. ಆ ರಾತ್ರಿ ನನಗೆ ಸಿಗದಿದ್ದ ಮಾತು ಅದೇ. ಅದು ಪ್ರತಿ ತಾಲ್ಲೂಕಿನಲ್ಲೂ, ಪ್ರತಿ ರಾತ್ರಿ, ಭಾನುವಾರ, ಹಬ್ಬದ ದಿನವೂ ಸಿಗ್ತಿದೆಯಾ ಅಂತ ಕೇಳ್ತಾ ಇರೋದು ನಮ್ಮೆಲ್ಲರ ಕೆಲಸ.

ಇನ್ನು ಉಳಿದದ್ದು ಮನೆಯ ತಡ. ಅದನ್ನ ಯಾವ ಯೋಜನೆಯೂ ಸರಿ ಮಾಡಲಾರದು. ನೀವು ಮಾಡಬೇಕು.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಮೇಲಿಂದ ಮೇಲೆ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದನ್ನ ನೀವೂ ಮೊಬೈಲ್‌ನಲ್ಲಿ ನೋಡಿರ್ತೀರಿ. ಆ ಭಯ ನನಗೆ ಅರ್ಥ ಆಗುತ್ತೆ. ಆದರೆ ನಮ್ಮ ವಿಚಿತ್ರ ನೋಡಿ. ಆರಾಮಾಗಿ ಇರೋವಾಗ ಬೆಳಗಿನ ಜಾವವೇ ಎದ್ದು ಹೋಗಿ ಸಾಲಲ್ಲಿ ನಿಲ್ತೀವಿ. ನಿಜವಾಗಿ ಎದೆ ಹಿಡಿದುಕೊಂಡ ರಾತ್ರಿ 'ಗ್ಯಾಸ್ ಇರಬೇಕು, ಬೆಳಿಗ್ಗೆ ನೋಡೋಣ' ಅಂತ ಮಲಗ್ತೀವಿ.

ಈ ಪಾಡ್‌ಕಾಸ್ಟ್ ಕೇಳ್ತಿರೋ ನಿಮ್ಮಲ್ಲಿ ಬಹಳ ಜನ ಬೆಂಗಳೂರಲ್ಲೋ ಇನ್ನೆಲ್ಲೋ ಕೆಲಸದಲ್ಲಿರ್ತೀರಿ. ಅಪ್ಪ ಅಮ್ಮ ಊರಲ್ಲಿ. ಒಂದು ರಾತ್ರಿ ಅಮ್ಮನ ಫೋನ್ ಬರುತ್ತೆ: "ಅಪ್ಪಂಗೆ ಯಾಕೋ ಎದೆ ಉರಿ ಅಂತಿದಾರೆ ಕಣೋ. ಬೆವರ್ತಿದಾರೆ. ಏನ್ ಮಾಡ್ಲಿ?" ಬಹಳ ಸಲ ಆ ಫೋನ್ ಕೂಡ ತಡವಾಗಿ ಬರುತ್ತೆ. ಯಾಕಂದ್ರೆ ಅಮ್ಮ, 'ಮಗ ಮಲಗಿರ್ತಾನೆ, ಬೆಳಿಗ್ಗೆ ಡ್ಯೂಟಿ ಇದೆ, ಸುಮ್ನೆ ಗಾಬರಿ ಮಾಡೋದು ಬೇಡ' ಅಂದ್ಕೊಂಡಿರ್ತಾರೆ. ಅಂದ್ರೆ ಆ ಮನೆಯಲ್ಲಿ ಅಮ್ಮನೇ ಡ್ಯೂಟಿ ಡಾಕ್ಟರ್, ಎಬ್ಬಿಸೋಕೆ ಹೆದರ್ತಿರೋ ಸೀನಿಯರ್ ನೀವು.

ಹಾಗಾಗಿ ಇವತ್ತೇ ಊರಿಗೆ ಫೋನ್ ಮಾಡಿ ಮೂರು ಮಾತು ಹೇಳಿ.

ಒಂದು: ಎದೆಯಲ್ಲಿ ಭಾರ ಅಥವಾ ಹಿಂಡಿದ ಹಾಗೆ ನೋವು, ಅದು ಎಡಗೈ, ದವಡೆ, ಬೆನ್ನಿಗೆ ಹಬ್ಬೋದು, ತಣ್ಣನೆ ಬೆವರು, ಉಸಿರು ಕಟ್ಟೋದು, ಇವು ಹತ್ತು ಹದಿನೈದು ನಿಮಿಷ ಇದ್ದರೆ ಗ್ಯಾಸ್ ಅಂದ್ಕೊಂಡು ಸೋಡಾ, ಜೀರಿಗೆ ಕಷಾಯ ಕುಡಿಸ್ತಾ ಕೂರೋದು ಬೇಡ. ತೀರಾ ಜೋರಾಗಿದ್ದರೆ ಅಷ್ಟು ಹೊತ್ತೂ ಕಾಯೋದು ಬೇಡ. ಸಕ್ಕರೆ ಕಾಯಿಲೆ ಇರೋರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಕೆಲವು ಸಲ ಎದೆ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಉಬ್ಬಸ ಬರಬಹುದು. ಗ್ಯಾಸಾ, ಹಾರ್ಟಾ ಅಂತ ಮನೆಯಲ್ಲಿ ಕೂತು ಹೇಳೋಕೆ ನನಗೂ ಆಗಲ್ಲ. ಇಸಿಜಿ ಬೇಕೇ ಬೇಕು.

ಎರಡು: ಹತ್ತಿರದಲ್ಲಿ ರಾತ್ರಿ ಹೊತ್ತೂ ಇಸಿಜಿ ತೆಗೆಯೋ, ಇಂಜೆಕ್ಷನ್ ಕೊಡೋ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ ಇಟ್ಕೊಳ್ಳಿ. ಆ ಹೆಸರನ್ನ ಫ್ರಿಜ್ ಮೇಲೋ ಕ್ಯಾಲೆಂಡರ್ ಮೇಲೋ ಬರೆದಿಡಿ. 2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇದೆ. ಆಂಬುಲೆನ್ಸ್ ಬರೋದು ತೀರಾ ತಡ ಆಗೋ ಹಳ್ಳಿ ಆದರೆ ಪಕ್ಕದ ಮನೆಯ ಕಾರಿನವರಿಗೆ ಮೊದಲೇ ಒಂದು ಮಾತು ಹೇಳಿಡಿ. ನೋವಿರೋರು ತಾವೇ ಬೈಕ್ ಓಡಿಸ್ಕೊಂಡು ಹೋಗೋದು ಮಾತ್ರ ಬೇಡವೇ ಬೇಡ.

ಮೂರು, ಇದೇ ಮುಖ್ಯ. ಅಮ್ಮನಿಗೆ ಹೇಳಿ: "ನನ್ನನ್ನ ಕೇಳೋಕೆ ಕಾಯಬೇಡಮ್ಮ. ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡು, ಹೊರಟ ಮೇಲೆ ನನಗೆ ಮಾಡು. ಹೋಗಿ ನೋಡಿದ ಮೇಲೆ ಅದು ಬರೀ ಗ್ಯಾಸ್ ಆಗಿದ್ದರೆ ಯಾರೂ ನಿನ್ನನ್ನ ಏನೂ ಅನ್ನಲ್ಲ." ಅಪ್ಪನಿಗೂ ಇದನ್ನೇ ಹೇಳಿ. 'ಇಷ್ಟಕ್ಕೆಲ್ಲ ಆಸ್ಪತ್ರೆಗೆ ಯಾಕೆ' ಅಂತ ತಡೆಯೋದು ಬಹಳ ಸಲ ಅಪ್ಪಂದಿರೇ.

ಅವತ್ತು ಆ ಸಿಸ್ಟರ್‌ಗೆ ಇಸಿಜಿ ನೋಡಿದ ತಕ್ಷಣ ಗೊತ್ತಾಗಿತ್ತು. ತಜ್ಞರಿಗೆ ಅವರೇ ಫೋನ್ ಮಾಡಬಹುದಾಗಿದ್ದರೆ ಆ ನಲವತ್ತು ನಿಮಿಷ ಉಳೀತಿತ್ತು. ಈಗ ನಾನು ಕೆಲಸ ಮಾಡೋ ವಿಭಾಗದಲ್ಲಿ ಸಿಸ್ಟರ್‌ಗಳು ನೇರವಾಗಿ ಫೋನ್ ಮಾಡ್ತಾರೆ. ಕೆಲವು ಸಲ ಅದು ಸುಳ್ಳು ಕರೆ ಆಗುತ್ತೆ. ನಾನೂ ನಿದ್ದೆಗಣ್ಣಲ್ಲಿ ಎದ್ದು ಬರ್ತೀನಿ. ಬಂದು, 'ಕರೆದದ್ದು ಒಳ್ಳೇದಾಯ್ತು ಸಿಸ್ಟರ್' ಅಂತ ಹೇಳಿ, ಒಂದು ಟೀ ಕುಡಿದು ವಾಪಸ್ ಹೋಗ್ತೀನಿ.

ಊರಿಗೆ ಫೋನ್ ಮಾಡೋದು ಮರೀಬೇಡಿ.